14 ವರ್ಷ ಲಾರಿ ಓಡಿಸಿ ಟ್ಯಾಂಕರ್ ಹತ್ತಿದೆ

ಅದೇ ಸ್ಟೇರಿಂಗ್, ಅದೇ ಗೇರು, ಹಿಂದೆ ಬಾಡಿ ಬದಲು ಒಂದು ಡ್ರಮ್ಮು. ಇಷ್ಟೇ ಅಲ್ವಾ ಟ್ಯಾಂಕರ್ ಅಂದ್ರೆ? ನಾನೂ ಹಾಗೇ ಅಂದುಕೊಂಡಿದ್ದೆ. ನಾಸಿಕ್‌ನಿಂದ ಯಶವಂತಪುರ ಯಾರ್ಡಿಗೆ ಈರುಳ್ಳಿ, ಪೀಣ್ಯದಿಂದ ಪುಣೆಗೆ ಮಷೀನ್ ಪಾರ್ಟ್ಸು, ಆಮೇಲೆ ಮಂಗಳೂರು ಲೈನು, ಹೀಗೆ 14 ವರ್ಷ ಲಾರಿ ಓಡಿಸಿದ್ದೇನೆ. ತಿಂಗಳಿಗೆ ಆರೇಳು ದಿನ ಮನೆಯಲ್ಲಿ ಇದ್ದರೆ ಅದೇ ಜಾಸ್ತಿ. ಮಗಳು ಶಾಲೆಯಲ್ಲಿ ಅಪ್ಪನ ಚಿತ್ರ ಬರಿ ಅಂದರೆ ಲಾರಿ ಬರೆದು ಬಂದಿದ್ದಳು, ಒಳಗೆ ನಾನೇ ಇರಲಿಲ್ಲ. ಅವತ್ತು ರಾತ್ರಿಯೇ ಲೋಕಲ್ ಕೆಲಸ ನೋಡಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಸಿಕ್ಕಿದ್ದು ನೀರಿನ ಟ್ಯಾಂಕರ್. 2024ರ ಬೇಸಿಗೆ, ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರ್‌ಗೆ ಎಲ್ಲಿಲ್ಲದ ಬೆಲೆ ಬಂದಿತ್ತು. 12,000 ಲೀಟರಿಗೆ 5 ಕಿ.ಮೀ. ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿದ್ದು ಆ ಮಾರ್ಚ್‌ನಲ್ಲೇ. ವರ್ತೂರು ಕಡೆಯ ಬೋರಿನಿಂದ ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೆಯುವ ಕೆಲಸ. ಎರಡನೇ ದಿನವೇ ಪಾಠ ಆಯಿತು. ಒಂದು ಅಪಾರ್ಟ್‌ಮೆಂಟಿನ ಸಂಪು ತುಂಬಿ ಟ್ಯಾಂಕಿನಲ್ಲಿ ಅರ್ಧ ನೀರು ಉಳಿದಿತ್ತು. ವರ್ತೂರು ಕೋಡಿ ಹತ್ತಿರ ನಿಧಾನಕ್ಕೇ ಬ್ರೇಕ್ ಹಾಕಿದೆ. ಗಾಡಿ ನಿಂತಿತು, ನಾನು ಕಾಲು ಸ್ವಲ್ಪ ಸಡಿಲ ಮಾಡಿದೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ಕೊಟ್ಟು ನೂಕಿದ ಹಾಗೆ ಗಾಡಿ ಎರಡು ಅಡಿ ಮುಂದಕ್ಕೆ ಹೋಯಿತು. ಮುಂದೆ ಸ್ಕೂಟರಿನಲ್ಲಿದ್ದ ಅಮ್ಮ ತಿರುಗಿ ಬೈದದ್ದು ನ್ಯಾಯವಾಗಿತ್ತು. ಈರುಳ್ಳಿ ಮೂಟೆ ಕಟ್ಟಿದ ಕಡೆ ಕೂತಿರುತ್ತದೆ. ನೀರು ಗಾಡಿ ನಿಂತ ಮೇಲೂ ಓಡುತ್ತಲೇ ಇರುತ್ತದೆ. ಆ ಟ್ಯಾಂಕಿನ ಒಳಗೆ ನೀರಿನ ಓಟ ತಡೆಯುವ ಅಡ್ಡ ತಗಡು ಒಂದೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮಳೆ ಬಂದ ಮೇಲೆ ನೀರಿನ ಕೆಲಸ ಇಳಿಯಿತು. ಪರಿಚಯದವರೊಬ್ಬರು ಗ್ಯಾಸ್ ಟ್ಯಾಂಕರ್‌ಗೆ ಬಾ ಅಂದರು, ದುಡ್ಡು ಚೆನ್ನಾಗಿದೆ ಅಂದರು. ಮನೆಯವಳು ಬಿಲ್‌ಕುಲ್ ಒಪ್ಪಲಿಲ್ಲ. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ರಸ್ತೆ ಪಕ್ಕದ ಮನೆಗಳೆಲ್ಲ ಹೊತ್ತಿ ಉರಿದದ್ದನ್ನು ಅವಳು ಟಿವಿಯಲ್ಲಿ ನೋಡಿದ್ದಳು. ನಾನು ಅದೇ ಲೈನಿನಲ್ಲಿ ಓಡಾಡುತ್ತಿದ್ದವನು, ಮರೆಯೋದು ಹೇಗೆ. ಅದೂ ಅಲ್ಲದೆ ಗ್ಯಾಸ್ ಅಂದರೆ ಮತ್ತೆ ಮಂಗಳೂರು, ಮತ್ತೆ ಶಿರಾಡಿ ಘಾಟಿ. ಕೊನೆಗೆ ಪೆಟ್ರೋಲ್ ಟ್ಯಾಂಕರ್ ಅಂತ ಆಯಿತು. ಪೆಟ್ರೋಲ್ ಏನು ಎಳನೀರಾ ಅಂತ ಅವಳು ಕೇಳಿದಳು. ಉತ್ತರ ಇರಲಿಲ್ಲ, ಆದರೆ ರಾತ್ರಿ ಮನೆಗೆ ಬರುತ್ತೇನೆ ಅಂದೆ.

ಹೆವಿ ಲೈಸೆನ್ಸ್ ಒಂದಿದ್ದರೆ ಸಾಲದು. ಅಪಾಯಕಾರಿ ಸರಕು ಓಡಿಸಲು 3 ದಿನದ ತರಬೇತಿ ಮಾಡಿ, ಸರ್ಟಿಫಿಕೇಟ್ ತಂದು ಆರ್‌ಟಿಒದಲ್ಲಿ ಲೈಸೆನ್ಸಿಗೆ ಸೇರಿಸಬೇಕು. ಮುಂಚೆ ಪ್ರತಿ ವರ್ಷ ನವೀಕರಿಸಬೇಕಿತ್ತು, 2019ರ ತಿದ್ದುಪಡಿ ಆದಮೇಲೆ 3 ವರ್ಷಕ್ಕೊಮ್ಮೆ, ಅದಕ್ಕೂ ಒಂದು ದಿನದ ಕ್ಲಾಸ್ ಇದೆ. ಒಂದು ಭಾರತೀಯ ಭಾಷೆ ಜೊತೆಗೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅನ್ನುವುದೂ ನಿಯಮದಲ್ಲಿದೆ, ಹೀಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ನನ್ನನ್ನು ಕಾಡಿದ ಇಂಗ್ಲಿಷ್ ಇಲ್ಲೂ ಎದುರಾಯಿತು. ಕ್ಲಾಸಿನಲ್ಲಿ ನಿದ್ದೆ ಬರುತ್ತೆ ಅಂತ ಹೋದವನು ನಿಜಕ್ಕೂ ಕಣ್ಣು ಬಿಟ್ಟು ಕೂತಿದ್ದೆ. ಟ್ಯಾಂಕರ್ ಮೇಲೆ ಬರೆದ 1203 ಅನ್ನೋ ನಂಬರ್ ಅನ್ನು ಎಷ್ಟು ವರ್ಷ ಹಿಂದಿನಿಂದ ನೋಡಿಕೊಂಡು ಬಂದಿದ್ದೇನೋ, ಅದು ಪೆಟ್ರೋಲಿನ ಗುರುತು, ಅಪಘಾತ ಆದಾಗ ಫೈರ್‌ನವರು ಅದನ್ನೇ ಓದಿ ಏನು ಮಾಡಬೇಕು ಅಂತ ನಿರ್ಧಾರ ಮಾಡುತ್ತಾರೆ ಅಂತ ಅಲ್ಲಿ ತಿಳಿಯಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ನೆಲ ಹಿಡಿದು ಚರಂಡಿ ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು, ಖಾಲಿ ಕಂಪಾರ್ಟ್‌ಮೆಂಟ್, ಅಂದರೆ ಟ್ಯಾಂಕಿನ ಒಳಗಿನ ಖಾನೆ, ತುಂಬಿದ್ದಕ್ಕಿಂತ ಜಾಸ್ತಿ ಅಪಾಯ. ದ್ರವ ಹೋದರೂ ಆವಿ ಉಳಿದಿರುತ್ತದೆ, ಜೊತೆಗೆ ಗಾಳಿಯೂ ಸೇರಿರುತ್ತದೆ. ಖಾಲಿ ಇದೆಯಲ್ಲ ಅಂತ ಟ್ಯಾಂಕರನ್ನು ವೆಲ್ಡಿಂಗ್‌ಗೆ ಕೊಟ್ಟು ಸತ್ತವರಿದ್ದಾರೆ.

ನಮ್ಮ ಲೋಡಿಂಗ್ ಹೊಸಕೋಟೆ ಹತ್ತಿರದ ದೇವನಗೊಂದಿಯಲ್ಲಿ. ದೊಡ್ಡ ತೈಲ ಕಂಪನಿಗಳ ಟರ್ಮಿನಲ್‌ಗಳು ಅಲ್ಲಿವೆ. ಮಂಗಳೂರಿನಿಂದ ಹಾಸನದ ಮೇಲೆ 360 ಕಿ.ಮೀ.ಗೂ ಜಾಸ್ತಿ ದೂರ ಬರುವ ಪೈಪ್‌ಲೈನ್ ಅಲ್ಲಿಗೇ ಬಂದು ಮುಗಿಯುತ್ತದೆ. ಶಿರಾಡಿಯಲ್ಲಿ ರಾತ್ರಿಯೆಲ್ಲ ಜಾಮ್‌ನಲ್ಲಿ ಕೂತ ನನಗೆ, ಮಾಲು ನೆಲದಡಿಯಲ್ಲಿ ತಾನೇ ಘಾಟಿ ಹತ್ತಿ ಬರುತ್ತದೆ ಅಂತ ಕೇಳಿ ಹೊಟ್ಟೆಕಿಚ್ಚೇ ಆಯಿತು. ಗೇಟಿನಲ್ಲಿ ಮೊಬೈಲ್, ಬೆಂಕಿಪೊಟ್ಟಣ ಕೊಟ್ಟು ಒಳಗೆ ಹೋಗಬೇಕು. ನೈಲಾನ್ ಬಟ್ಟೆ ಬೇಡ, ಹತ್ತಿ ಬಟ್ಟೆ. ಸೈಲೆನ್ಸರ್‌ಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್, ಬ್ಯಾಟರಿಗೆ ಕಟ್ ಆಫ್ ಸ್ವಿಚ್, ಫೈರ್ ಸಿಲಿಂಡರ್, ಎಲ್ಲ ನೋಡುತ್ತಾರೆ. ಲೋಡಿಂಗ್ ಜಾಗಕ್ಕೆ ಗಾಡಿ ಹಾಕಿ ಇಂಜಿನ್ ಆಫ್ ಮಾಡಿ, ಗಾಲಿಗೆ ಅಡ್ಡ ಕಟ್ಟಿಗೆ ಇಟ್ಟು, ಮೊದಲು ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಕ್ಲಿಪ್. ಮಾಲು ಪೈಪಿನಲ್ಲಿ ಹರಿಯುವಾಗಲೇ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಕಣ್ಣಿಗೆ ಕಾಣಲ್ಲ. ಪೆಟ್ರೋಲ್ ಇದ್ದ ಕಂಪಾರ್ಟ್‌ಮೆಂಟಿಗೇ ಡೀಸೆಲ್ ತುಂಬುವಾಗ ಇನ್ನೂ ಹುಷಾರಾಗಿರಬೇಕು. ಡೀಸೆಲ್ ಸುಲಭಕ್ಕೆ ಹೊತ್ತಲ್ಲ ಅಂತ ಮೈಮರೆಯುತ್ತೇವೆ, ಹೊತ್ತುವುದು ಒಳಗೆ ಉಳಿದಿರುವ ಪೆಟ್ರೋಲ್ ಆವಿ. ಲಾರಿಯಲ್ಲಿ ಹಮಾಲರು ಲೋಡ್ ಮಾಡುವಾಗ ನಾನು ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದೆ. ಇಲ್ಲಿ ಟ್ಯಾಂಕ್ ಮೇಲೆ ನಾನೇ ಹತ್ತಬೇಕು, ಕೋಲು ಇಳಿಸಿ ಮಟ್ಟ ಅಳೆಯುವ ಡಿಪ್ ನಾನೇ ನೋಡಬೇಕು, ಸಹಿ ನಾನೇ ಹಾಕಬೇಕು. ಮೊದಲ ತಿಂಗಳು ಮಂಡಿ ನೋವು ಬಂದದ್ದು ಕ್ಲಚ್‌ನಿಂದಲ್ಲ, ಏಣಿಯಿಂದ.

ಓಡಿಸೋದರಲ್ಲಿ ಬಿಡಬೇಕಾದ ಅಭ್ಯಾಸಗಳು ಬಹಳ. ಪೆಟ್ರೋಲ್ ಟ್ಯಾಂಕರ್ ಒಳಗೆ ಪ್ರತ್ಯೇಕ ಕಂಪಾರ್ಟ್‌ಮೆಂಟ್‌ಗಳಿರುವುದರಿಂದ ನೀರಿನ ಟ್ಯಾಂಕರಿನ ಆ ನೂಕಾಟ ಅಷ್ಟಿಲ್ಲ. ಬಂಕಿನವರೂ ಕಂಪಾರ್ಟ್‌ಮೆಂಟ್ ಲೆಕ್ಕದಲ್ಲೇ ತೆಗೆದುಕೊಳ್ಳುತ್ತಾರೆ, ಅರ್ಧ ಬಿಡುವ ಮಾತು ಕಡಿಮೆ. ಆದರೆ ಭಾರವೆಲ್ಲ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಉರುಳುವ ಭಯ. ತಿರುವಿನ ಒಳಗೆ ಹೋಗಿ ಬ್ರೇಕ್ ಹಿಡಿಯುವ ಚಾಳಿ ನನಗಿತ್ತು. ಗಾಡಿಯ ಹಳೇ ಡ್ರೈವರಣ್ಣ ಪಕ್ಕದಲ್ಲಿ ಕೂತು ಹದಿನೈದು ದಿನ ಒಂದೇ ಮಾತು ಹೇಳಿದರು, "ತಿರುವಿಗೆ ಮುಂಚೆ ಇಳಿಸ್ಕೋಪ್ಪಾ, ಒಳಗೆ ಹೋದ್ಮೇಲೆ ಬ್ರೇಕ್ ನೆನಪಾದ್ರೆ ಏನು ಬಂತು." ನಿಯಮದ ಪ್ರಕಾರ 60 ಕಿ.ಮೀ. ಮೀರುವ ಹಾಗೂ ಇಲ್ಲ. ಪುಣೆ ಹೈವೇಲಿ ಓಡಿಸಿದವನಿಗೆ ಮೊದಲು ಎತ್ತಿನಗಾಡಿ ಅನ್ನಿಸಿತು. ಆಮೇಲೆ ಟಿನ್ ಫ್ಯಾಕ್ಟರಿ ಜಂಕ್ಷನ್ ಜಾಮ್ ನೋಡಿ, 60 ಅನ್ನೋದೇ ಕನಸು ಅಂತ ಸುಮ್ಮನಾದೆ.

ಇನ್ನು ಬಂಕಿನಲ್ಲಿ ಇಳಿಸುವ ಕೆಲಸ. ನನ್ನ ಪ್ರಕಾರ ಟ್ಯಾಂಕರ್ ಡ್ರೈವರಿನ ಅಸಲಿ ಕೆಲಸ ಇದೇ. ಮುಖ ಹೊರಗಿನ ದಾರಿಗೆ ಇರುವ ಹಾಗೆ ಗಾಡಿ ನಿಲ್ಲಿಸಬೇಕು, ಏನಾದರೂ ಆದರೆ ರಿವರ್ಸ್ ತೆಗೆಯುತ್ತಾ ಕೂರಲಾಗಲ್ಲ. ಬಂದ ತಕ್ಷಣ ಬಿಚ್ಚುವ ಹಾಗಿಲ್ಲ, ಮಾಲು ಅಲುಗಾಡದೆ ನಿಲ್ಲಲು ಹತ್ತು ನಿಮಿಷ ಬಿಡಬೇಕು. ಅರ್ಥಿಂಗ್, ಡಿಪ್, ಡೆನ್ಸಿಟಿ (ಸಾಂದ್ರತೆ), ನೀರಿನ ಪೇಸ್ಟ್ ಹಚ್ಚಿ ತಳದಲ್ಲಿ ನೀರಿದೆಯಾ ಅಂತ ನೋಡುವುದು. ಈಗ ಪೆಟ್ರೋಲಿಗೆ 20% ಎಥನಾಲ್ ಸೇರಿಸುತ್ತಾರಲ್ಲ, ನೀರು ಸೇರಿದರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗುತ್ತದೆ, ಹಾಗಾಗಿ ಮಳೆಯಲ್ಲಿ ಮೇಲಿನ ಮುಚ್ಚಳ ತೆಗೆಯುವುದೇ ಭಯ. ನೆಲದಡಿಯ ಟ್ಯಾಂಕಿನಲ್ಲಿ ಜಾಗ ಇದೆಯಾ ಅಂತ ಅಳೆದ ಮೇಲೆ ಹೋಸ್.

ಮೂರನೇ ವಾರ, ಮುಂಜಾನೆ ನಾಲ್ಕೂವರೆ, ನಿದ್ದೆಗಣ್ಣು. ಡೀಸೆಲ್ ಕಂಪಾರ್ಟ್‌ಮೆಂಟಿನ ಹೋಸ್ ತಂದು ಪೆಟ್ರೋಲ್ ಬಾಯಿಗೆ ಜೋಡಿಸಿಬಿಟ್ಟೆ. ವಾಲ್ವ್‌ಗೆ ಕೈ ಹಾಕಿದ್ದೆ. ಬಂಕಿನ ಹುಡುಗ, ಇಪ್ಪತ್ತು ವರ್ಷ ಇರಬೇಕು, "ಅಣ್ಣಾ, ಅದು ಎಂಎಸ್ ಅಣ್ಣಾ" ಅಂತ ಕೂಗಿದ. ಎಂಎಸ್ ಅಂದರೆ ಈ ಧಂದೆಯಲ್ಲಿ ಪೆಟ್ರೋಲ್. ಇನ್ನೊಂದು ಉಸಿರು ತಡ ಆಗಿದ್ದರೆ ಸಾವಿರಾರು ಲೀಟರ್ ಹಾಳು, ಗೊತ್ತಾಗದೆ ಹಾಕಿಸಿಕೊಂಡು ಹೋದ ಬೈಕ್‌ಗಳದ್ದು ಬೇರೆ ಲೆಕ್ಕ. ಕೈ ನಡುಗಿ ಅಲ್ಲೇ ಕಟ್ಟೆ ಮೇಲೆ ಕೂತೆ. 14 ವರ್ಷದಲ್ಲಿ ಒಂದೂ ಆಕ್ಸಿಡೆಂಟ್ ಮಾಡಿರಲಿಲ್ಲ, ಗಾಡಿ ನಿಂತಿರುವಾಗ ಇಷ್ಟು ದೊಡ್ಡ ತಪ್ಪು ಆಗಬಹುದು ಅಂತ ತಲೆಗೇ ಹೊಳೆದಿರಲಿಲ್ಲ. ಅವತ್ತಿನಿಂದ ಜೋಡಿಸಿದ ಮೇಲೆ ಮುಚ್ಚಳದ ಮೇಲಿನ ಹೆಸರು ಮುಟ್ಟಿ, ಬಾಯಿ ಬಿಟ್ಟು ಜೋರಾಗಿ ಓದುತ್ತೇನೆ. ನೋಡಿದವರು ಮಂತ್ರ ಹೇಳ್ತಿದಾನೆ ಅಂತ ನಗುತ್ತಾರೆ, ನಗಲಿ.

ಮನಸ್ಸಿಗೆ ಬೇಜಾರಾಗುವುದು ಶಾರ್ಟೇಜ್, ಅಂದರೆ ಮಾಲು ಕಡಿಮೆ ಬಂತು ಅನ್ನುವ ಜಗಳ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಸುಮಾರು 0.12%. ಅಂದರೆ 12,000 ಲೀಟರ್ ಮಾಲು 5 ಡಿಗ್ರಿ ತಣ್ಣಗಾದರೆ ಸುಮಾರು 72 ಲೀಟರ್ ಕಡಿಮೆ ಕಾಣುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ತುಂಬಿಸಿ ಚಳಿಗಾಲದ ಬೆಳಗಿನ ಜಾವ ಇಳಿಸಿದರೆ ಡಿಪ್‌ನಲ್ಲಿ ಗೊತ್ತಾಗುತ್ತದೆ. ಆಗ ಬಂಕಿನವರು ಮೊದಲು ನೋಡುವುದು ನನ್ನ ಮುಖ. ಕದಿಯುವ ಡ್ರೈವರ್‌ಗಳು ಇಲ್ಲ ಅಂತ ನಾನು ಹೇಳಲ್ಲ, ಇದ್ದಾರೆ, ಅದಕ್ಕೇ ಈ ಲಾಕು, ಜಿಪಿಎಸ್ ಎಲ್ಲ ಬಂದದ್ದು. ಆದರೆ ಕೈ ಚೊಕ್ಕ ಇದ್ದವನಿಗೂ ಆ ನೋಟ ಚುಚ್ಚುತ್ತದೆ. ನಾನು ಈಗ ಥರ್ಮಾಮೀಟರ್ ಅವರ ಕೈಗೇ ಕೊಡುತ್ತೇನೆ. ಡೆನ್ಸಿಟಿಯನ್ನು 15 ಡಿಗ್ರಿಗೆ ಪರಿವರ್ತಿಸಿ ಇನ್‌ವಾಯ್ಸ್ ಜೊತೆ ಹೋಲಿಸಿದರೆ ಮಾಲು ಅದೇ ಹೌದೋ ಅಲ್ಲವೋ ಗೊತ್ತಾಗುತ್ತದೆ, ಬಿಸಿ ಎಷ್ಟು ಇಳಿದಿದೆ ಅಂತ ಕಂಡರೆ ಕಡಿಮೆಯ ಲೆಕ್ಕವೂ ಅಲ್ಲೇ ಸಿಗುತ್ತದೆ, ಬಾಯಿಮಾತಿಗಿಂತ ಅದು ವಾಸಿ.

ಜಿಪಿಎಸ್‌ನಿಂದ ಇನ್ನೊಂದು ನಷ್ಟ ಇದೆ. ಎಲ್ಲಿ ನಿಲ್ಲಿಸಿದರೂ ಯಾಕೆ ಅಂತ ಫೋನ್ ಬರುತ್ತದೆ. ಭಾನುವಾರ ಬೆಳಗಿನ ಜಾವ ಹೊಸಕೋಟೆಯಲ್ಲಿ ಅರ್ಧ ಬೆಂಗಳೂರೇ ಬಿರಿಯಾನಿಗೆ ಕ್ಯೂ ನಿಂತಿರುತ್ತದೆ, ನಾನು ಕಿಟಕಿಯಿಂದ ವಾಸನೆ ಕುಡಿದು ಮುಂದೆ ಹೋಗುತ್ತೇನೆ.

ಲಾರಿ ಬಿಟ್ಟು ಬರೋಣ ಅಂತಿರುವವರಿಗೆ ಒಂದು ಮಾತು. ಸಂಬಳ ಎಷ್ಟು ಅನ್ನುವುದಕ್ಕಿಂತ ಮೊದಲು, ಶಾರ್ಟೇಜ್ ಬಂದರೆ ಯಾರ ತಲೆಗೆ ಅಂತ ಕೇಳಿ. ಟ್ಯಾಂಕಿನ ಅಳತೆ ಸರಿ ಇದೆ ಅನ್ನುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ತೋರಿಸಿ ಅನ್ನಿ, ಫೈರ್ ಸಿಲಿಂಡರಿನ ತಾರೀಖು ನೀವೇ ಹೋಗಿ ಓದಿ. ನಾನು ಮೊದಲು ಹೋದ ಟ್ರಾನ್ಸ್‌ಪೋರ್ಟಿನ ಮಾಲೀಕ, ಕಡಿಮೆ ಬಂದರೆ ಡ್ರೈವರ್ ಬಾಟಾದಲ್ಲಿ ಹಿಡಿಯುತ್ತೇವೆ, ಕಾರಣ ಕೇಳಲ್ಲ ಅಂದ. ಟೀ ತರಿಸಿದ್ದ, ಕುಡಿಯದೆ ಎದ್ದು ಬಂದೆ. ಎರಡನೆಯವರು ಲಾಕ್ ಸರಿ ಇದ್ದರೆ ನಿನ್ನನ್ನು ಕೇಳಲ್ಲ ಅಂದರು. ಸಂಬಳ ಅವರದ್ದೇ ಕಡಿಮೆ ಇತ್ತು. ಅಲ್ಲೇ ಸೇರಿದೆ, ಈಗಲೂ ಅಲ್ಲೇ ಇದ್ದೇನೆ.