ಬಿದ್ದ ಕಾರ್ಬನ್ ಸೈಕಲ್ಲು: ಉಳಿಸಿದ್ದು ಯಾವುದು, ಕೊಯ್ದು ಎಸೆದದ್ದು ಯಾವುದು

ಸಂಡೂರು ಘಟ್ಟದ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದ ಸೈಕಲ್ಲನ್ನು ಗೂಡ್ಸ್ ಗಾಡಿಯಲ್ಲಿ ಹಾಕಿ ಬಳ್ಳಾರಿಗೆ ತಂದೆ. ತುಳಿದುಕೊಂಡೇ ಬರಬಹುದಿತ್ತು, ಹೊರಗಿನಿಂದ ಏನೂ ಆದಂತಿರಲಿಲ್ಲ. ಆದರೆ ಅಲ್ಯುಮಿನಿಯಂ ಏಟು ತಿಂದರೆ ತಗ್ಗು ಬಿದ್ದೋ ಬಾಗಿಯೋ ತೋರಿಸುತ್ತದೆ; ಕಾರ್ಬನ್ ನಾರಿನ ಬಟ್ಟೆಯನ್ನು ರೆಸಿನ್ ಎಂಬ ಅಂಟಿನಲ್ಲಿ ಪದರಾಗಿ ಕೂರಿಸಿ ಮಾಡಿದ ಫ್ರೇಮು ಹಾಗಲ್ಲ. ಒಳಗೆ ಪದರು ಪದರಾಗಿ ಬಿಟ್ಟುಕೊಂಡಿದ್ದರೂ ಮೇಲಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಮೊದಲ ಕೆಲಸ ತೊಳೆಯುವುದು. ತೋರಣಗಲ್ಲು, ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಬರೀ ಬಣ್ಣದ ಗೀರಿನಲ್ಲಿ ಕೂತರೂ ಬಿರುಕಿನಂತೆ ಕಾಣುತ್ತದೆ. ಸೋಪು ನೀರಲ್ಲಿ ತೊಳೆದು, ಒರೆಸಿ, ಅನುಮಾನದ ಜಾಗಕ್ಕೆ ಸ್ಪಿರಿಟ್ ಸವರಬೇಕು. ಸುತ್ತಲೂ ಆರಿದ ಮೇಲೂ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅದು ಬಿರುಕಿರಬಹುದು. ಈ ಪರೀಕ್ಷೆ ಬೆಳಗಿನ ತಂಪಿನಲ್ಲೇ ಆಗಬೇಕು, ಮಧ್ಯಾಹ್ನ ಸ್ಪಿರಿಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತದೆ. ಆಮೇಲೆ ಒಂದು ಚೂರು ಅರಳೆಯನ್ನು ಕೊಳವೆಯ ಉದ್ದಕ್ಕೂ ಎಳೆಯಿರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ನಾರು ಮೇಲೆದ್ದಿದೆ.

ಬಿದ್ದಾಗ ಹೆಚ್ಚಿನವರು ನೋಡದ ಜಾಗ ಟಾಪ್ ಟ್ಯೂಬು, ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ. ಹ್ಯಾಂಡಲ್ ಗಿರಕ್ಕನೆ ತಿರುಗಿ, ಅದರ ತುದಿಯೋ ಬ್ರೇಕ್ ಲಿವರೋ ಬಂದು ಆ ತೆಳು ಕೊಳವೆಗೆ ಬಡಿಯುತ್ತದೆ. ನಾನು ತಂದ ಫ್ರೇಮಿನಲ್ಲಿ ಏಟು ಬಿದ್ದದ್ದೂ ಅಲ್ಲೇ, ಹೆಡ್ ಟ್ಯೂಬಿನಿಂದ (ಹ್ಯಾಂಡಲ್ ಕೆಳಗಿನ ಕೊಳವೆ) ಒಂದು ಗೇಣು ಹಿಂದೆ. ಒಂದು ರೂಪಾಯಿ ನಾಣ್ಯದ ಅಂಚಿನಿಂದ ಅರ್ಧರ್ಧ ಇಂಚಿಗೆ ಮೆಲ್ಲಗೆ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರು ಬಿಟ್ಟಲ್ಲಿ ಒಣ ಹಲಗೆ ತಟ್ಟಿದಂತೆ ದಬ್ ಅನ್ನುತ್ತದೆ. ಕೊಳವೆಗಳು ಕೂಡುವಲ್ಲಿ ಗೋಡೆಯೇ ದಪ್ಪವಿರುವುದರಿಂದ ಸದ್ದು ಹೇಗೂ ಬದಲಾಗುತ್ತದೆ. ಅದಕ್ಕೇ ಎಡಗಡೆ ತಟ್ಟಿದ ಜಾಗವನ್ನೇ ಬಲಗಡೆಯೂ ತಟ್ಟಿ ಹೋಲಿಸಬೇಕು. ಕಣ್ಣಿಗೆ ಕಂಡ ಬಿರುಕು 20 ಮಿಮೀ, ದಬ್ ಅಂದ ಜಾಗ ಅದರ ಎರಡರಷ್ಟು. ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಪೂರ್ತಿ ಬಿಚ್ಚದೆ ನೋಡಿದರೆ ನೋಡಿದಂತಲ್ಲ. ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಕೂಡಿಸುವ ತುಂಡು) ಹಿಡಿಯುವ ಮೇಲ್ಭಾಗ, ಕೆಳಗಿನ ಬೇರಿಂಗ್ ಕೂರುವ ಕ್ರೌನ್ (ಫೋರ್ಕು ಎರಡಾಗಿ ಕವಲೊಡೆಯುವ ಜಾಗ), ಇವೆರಡೂ ಮುರಿಯುವ ಜಾಗ, ಎರಡೂ ಮುಚ್ಚಿರುತ್ತವೆ. ಹ್ಯಾಂಡಲ್ಲಿಗೂ ಅಷ್ಟೇ: ಟೇಪು ಬಿಚ್ಚಿ, ಲಿವರಿನ ಕ್ಲಾಂಪು ಸರಿಸಿದಾಗ ಅದರಡಿ ಉಗುರಿನಷ್ಟು ಬಿರುಕಿತ್ತು. ಹ್ಯಾಂಡಲ್, ಫೋರ್ಕ್, ಸೀಟ್ ಪೋಸ್ಟ್, ರಿಮ್ಮು, ಇವುಗಳಲ್ಲಿ ಬಿರುಕು ಕಂಡರೆ ನಾನು ರಿಪೇರಿಯ ಮಾತೇ ಎತ್ತುವುದಿಲ್ಲ. ಟಾಪ್ ಟ್ಯೂಬು ಕೈಕೊಟ್ಟರೆ ಸಾಮಾನ್ಯವಾಗಿ ಮೊದಲು ಕಿರುಗುಟ್ಟಿ, ಅಲ್ಲಾಡಿ ಸೂಚನೆ ಕೊಡುತ್ತದೆ. ಫೋರ್ಕಿನ ಮೇಲಿನ ಕೊಳವೆ, ಅಂದರೆ ಸ್ಟೀರರ್, ಮುರಿದರೆ ಮುಖ ನೆಲಕ್ಕೆ. ಹಿಂದಿನ ಗೇರು ತೂಗುವ ಹ್ಯಾಂಗರ್ ಬಾಗಿದ್ದರೆ ಹೊಸದು ಹಾಕಿ. ಅದು ಚೂರೇ ಬಾಗಿದ್ದರೂ ಡಿರೈಲರ್ (ಗೇರು ಬದಲಿಸುವ ಭಾಗ) ಚಕ್ರದ ಕಡ್ಡಿಗಳೊಳಗೆ ಸಿಕ್ಕಿ, ಇನ್ನೊಂದು ಕಾರ್ಬನ್ ಕೊಳವೆಯನ್ನೂ ಮುರಿಯಬಹುದು.

ಇನ್ನು ರಿಪೇರಿ. ಮೆತ್ತುವ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ರಿಪೇರಿಯಲ್ಲ, ಪುಟ್ಟಿ ಭಾರ ಹೊರುವುದಿಲ್ಲ. ಸತ್ತ ನಾರನ್ನೆಲ್ಲ ತೆಗೆದು, 80ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಸುತ್ತಲೂ ಇಳಿಜಾರಾಗಿ ಉಜ್ಜಿದೆ. ಲೆಕ್ಕ ಇಷ್ಟು: 1 ಮಿಮೀ ದಪ್ಪಕ್ಕೆ ಸುಮಾರು 50 ಮಿಮೀ ಉದ್ದದ ಇಳಿಜಾರು. ನೀರು ಹಾಕಿಕೊಂಡೇ ಉಜ್ಜಬೇಕು, ಎನ್-95 ಮಾಸ್ಕು, ಕೈಗವಸು ಬೇಕೇ ಬೇಕು; ಒಣ ಪುಡಿ ಮೈಗೆ ಹತ್ತಿದರೆ ಎರಡು ದಿನ ತುರಿಕೆ. ಕೊನೆಗೆ ಅಸಿಟೋನಿನಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬಾರದು.

200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಕಾರ್ಬನ್ ಬಟ್ಟೆಯ ಒಂದು ಪದರು ಸುಮಾರು 0.2 ಮಿಮೀ. ಗೋಡೆ 1.2 ಮಿಮೀ ಇತ್ತು, ಹಾಗಾಗಿ ಆರು ಪದರು. ಮೊದಲನೆಯದು 40 ಮಿಮೀ ಉದ್ದ, ಮುಂದಿನದು ಒಂದೊಂದೂ 20 ಮಿಮೀ ಹೆಚ್ಚು, ಕೊನೆಯದು 140. ನಾರು ಒಂದರಲ್ಲಿ ಉದ್ದಕ್ಕೆ-ಅಡ್ಡಕ್ಕೆ, ಇನ್ನೊಂದರಲ್ಲಿ 45 ಡಿಗ್ರಿ ಓರೆ. ತಿರುಚುವ ಬಲ ತಡೆಯುವುದು ಈ ಓರೆ ನಾರೇ.

ಕೆಡುವುದು ಹೆಚ್ಚಾಗಿ ರೆಸಿನ್ ಕಲಸುವಾಗ. ನನ್ನದು ತೂಕದಲ್ಲಿ 100ಕ್ಕೆ 10ರಷ್ಟು ಹಾರ್ಡನರ್ (ಗಟ್ಟಿ ಮಾಡುವ ದ್ರವ) ಕೇಳುವ ಇಪಾಕ್ಸಿ ರೆಸಿನ್. 15 ಗ್ರಾಂ ರೆಸಿನ್ನಿಗೆ ಒಂದೂವರೆ ಗ್ರಾಂ. ಅಡುಗೆಮನೆ ತಕ್ಕಡಿ ಅರ್ಧ ಗ್ರಾಂ ತಪ್ಪಿದರೂ ಮೂರನೇ ಒಂದು ಭಾಗ ಹೆಚ್ಚುಕಡಿಮೆಯಾಗಿ ಅಂಟು ಅಂಟಾಗೇ ಉಳಿಯುತ್ತದೆ. ಬಂಗಾರ ತೂಗುವಂಥ ಪುಟ್ಟ ತಕ್ಕಡಿ ಬೇಕು. ಬಿಸಿಲು ಇನ್ನೊಂದು ಕಾಟ: ಕಲಸಿದ ಮೇಲೆ ಗಟ್ಟಿಯಾಗುವ ಮುನ್ನ ಸಿಗುವ ಸಮಯ ಡಬ್ಬಿಯ ಮೇಲೆ 25 ಡಿಗ್ರಿಗೆ 30 ನಿಮಿಷ ಅಂತಿದ್ದರೆ, ಹತ್ತು ಡಿಗ್ರಿ ಏರಿದಾಗ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷ ಸಿಕ್ಕರೆ ಪುಣ್ಯ. ನಾನು ಬೆಳಗಿನ ಆರಕ್ಕೇ ಶುರು ಮಾಡಿ, ಎರಡು ಸಲ ಬೇರೆ ಬೇರೆ ಕಲಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿಟ್ಟುಕೊಂಡೆ. ಲೋಟದಲ್ಲಿ ರಾಶಿಯಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ.

ರೆಸಿನ್ನಿನಲ್ಲಿ ನೆನೆಸಿ ಕೂರಿಸಿದ ಪದರುಗಳ ಮೇಲೆ ಪೀಲ್ ಪ್ಲೈ (ಆಮೇಲೆ ಸುಲಿದು ತೆಗೆಯುವ ಬಟ್ಟೆ), ಅದರ ಮೇಲೆ ಇನ್ಸುಲೇಷನ್ ಟೇಪನ್ನು ಅಂಟು ಹೊರಗೆ ಬರುವಂತೆ ಎಳೆದೆಳೆದು ಸುತ್ತಿ, ಸೂಜಿಯಿಂದ ಚುಚ್ಚಿದೆ. ಹೆಚ್ಚಿನ ರೆಸಿನ್ ಆ ತೂತುಗಳಿಂದ ಬೆವರಿನಂತೆ ಹೊರಬರುತ್ತದೆ.

ಮರುದಿನ ಗಟ್ಟಿಯಾಗಿರುತ್ತದೆ, ಆದರೆ ನಂಬಬೇಡಿ. ಮನೆಯ ಕಾವಿಗೆ ಮಾತ್ರ ಒಣಗಿದ ಇಪಾಕ್ಸಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಮತ್ತೆ ಮೆತ್ತಗಾಗಬಹುದು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ 100 ವಾಟ್‌ನ ಎರಡು ಹಳೇ ಮಾದರಿ ಬಲ್ಬು ರಟ್ಟಿಗೆ ತಾಗದಂತೆ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು, ತಾಸಿಗೆ ಹತ್ತು ಡಿಗ್ರಿಯಂತೆ 60ಕ್ಕೆ ಏರಿಸಿ ಎಂಟು ತಾಸು ಹಿಡಿದೆ. ಪಕ್ಕದಲ್ಲೇ ಕೂತಿರಬೇಕು, ಬೆಂಕಿಯ ಕೆಲಸ. ತಣ್ಣಗಾದ ಮೇಲೆ ಮತ್ತೆ ನಾಣ್ಯ: ಎಲ್ಲಾ ಕಡೆ ಟಣ್ ಅಂದಿತು. ಬಣ್ಣದ ಬದಲು ತೆಳುವಾಗಿ ಕ್ಲಿಯರ್ ಕೋಟ್ ಮಾತ್ರ ಹೊಡೆದೆ, ತೇಪೆಯ ಅಂಚು ಬಿಟ್ಟುಕೊಂಡರೆ ಕಣ್ಣಿಗೆ ಬೀಳಲಿ ಅಂತ. ಮೊದಲ 100 ಕಿಮೀ ಆದ ಮೇಲೊಮ್ಮೆ, 500ಕ್ಕೊಮ್ಮೆ ತಟ್ಟಿ ನೋಡಬೇಕು.

ಹ್ಯಾಂಡಲ್ಲನ್ನು ಹಾಗೇ ಗುಜರಿಗೆ ಹಾಕಲಿಲ್ಲ. ಯಾರೋ ಟೇಪು ಸುತ್ತಿ ಮಾರುತ್ತಾರೆ. ಒದ್ದೆ ಬಟ್ಟೆ ಸುತ್ತಿ, ಹ್ಯಾಕ್ಸಾದಲ್ಲಿ ಮೂರು ತುಂಡು ಮಾಡಿ ಎಸೆದೆ.