ಕುತ್ತಿಗೆ ಕಪ್ಪಾದರೆ ನಾನು ಅಂಗೈ ನೋಡುತ್ತೇನೆ

ಗದಗಿನಲ್ಲಿ ಚರ್ಮರೋಗದ ಕ್ಲಿನಿಕ್ ನಡೆಸುತ್ತೇನೆ. ಕುತ್ತಿಗೆ ಕಪ್ಪಾಗಿದೆ ಎಂದು ಬರುವವರು ಬಹಳ. ಹೆಚ್ಚಿನವರಿಗೆ ತೂಕ ಜಾಸ್ತಿ, ಇಲ್ಲವೇ ಶುಗರ್ ಶುರುವಾಗುತ್ತಿರುತ್ತದೆ. ಅವರು ಕ್ಯಾನ್ಸರ್ ಎಂದು ಹೆದರಬೇಕಿಲ್ಲ.

ರೋಣದ ಕಡೆಯ ಆ ರೈತರ ಮೈಯಲ್ಲಿ ಮಾತ್ರ ಕೊಬ್ಬೇ ಇರಲಿಲ್ಲ. ವಯಸ್ಸು 58. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಕುತ್ತಿಗೆ, ಕಂಕುಳು ಮೂರೇ ತಿಂಗಳಲ್ಲಿ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿದ್ದವು. ತುರಿಕೆ ಬೇರೆ. ಅದಾಗಲೇ ಎರಡು ಟ್ಯೂಬ್ ಮುಲಾಮು ಹಚ್ಚಿ ಮುಗಿಸಿದ್ದರು.

"ಅಂಗೈ ತೋರಿಸ್ರಿ ಯಜಮಾನ್ರ" ಅಂದೆ. ದುಡಿದ ಕೈಯ ಗಡಸುತನ ನನಗೆ ಗೊತ್ತು, ಚರ್ಮ ಗಟ್ಟಿಯಾದರೂ ಮೇಲ್ಮೈ ನುಣ್ಣಗಿರುತ್ತದೆ. ಇದು ಹಾಗಿರಲಿಲ್ಲ. ಗೆರೆಗಳು ಆಳವಾಗಿ, ನಡುವಿನ ಚರ್ಮ ಉಬ್ಬಿ, ತೊಳೆದ ಬೋಟಿಯ ಒಳಮೈ ಥರ ಕಾಣುತ್ತಿತ್ತು. ಕುತ್ತಿಗೆಯ ಕಪ್ಪಿನ ಜೊತೆ ಇಂಥ ಅಂಗೈ ಕಂಡರೆ ಮೊದಲು ಅನುಮಾನ ಹೋಗುವುದು ಜಠರದ ಮೇಲೆ. ಅಲ್ಲಿನ ಗಡ್ಡೆ ಚರ್ಮವನ್ನು ಬೆಳೆಸುವಂಥ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ.

ಊಟದ ಬಗ್ಗೆ ಕೇಳಿದೆ. ಹೆಂಡತಿ ಹೇಳಿದರು: "ಮೂರು ರೊಟ್ಟಿ ತಿಂತಿದ್ರು ರೀ. ಈಗ ಅರ್ಧಕ್ಕ ಹೊಟ್ಟಿ ತುಂಬೇತಿ ಅಂತಾರ."

ಮಲಗಿಸಿ ಹೊಕ್ಕುಳ ಒತ್ತಿ ನೋಡಿದೆ. ಹೊಟ್ಟೆಯ ಕ್ಯಾನ್ಸರ್ ಹರಡಿದಾಗ ಕೆಲವರಿಗೆ ಅಲ್ಲಿ ಗಟ್ಟಿ ಗಂಟು ಬರುತ್ತದೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಸಿಸ್ಟರ್ ಮೇರಿ ಜೋಸೆಫ್ ಎಂಬ ನರ್ಸ್, ಆಪರೇಷನ್‌ಗೆ ಮುಂಚೆ ರೋಗಿಗಳ ಹೊಟ್ಟೆ ಒರೆಸುವಾಗ ಇದನ್ನು ಗುರುತಿಸಿ ಡಾ. ವಿಲಿಯಂ ಮೇಯೋ ಅವರಿಗೆ ಹೇಳಿದ್ದರು. 1949ರಲ್ಲಿ ಆ ಗಂಟಿಗೆ ಈ ಸಿಸ್ಟರ್ ಹೆಸರೇ ಬಂತು. ನನಗೆ ತುಂಬ ಗೌರವ ಅವರ ಮೇಲೆ. ಈ ರೈತರಿಗೆ ಗಂಟು ಇರಲಿಲ್ಲ, ನನಗೆ ಸ್ವಲ್ಪ ಧೈರ್ಯ ಬಂತು.

ಮುಲಾಮು ಬರೆಯಲಿಲ್ಲ. ಎಂಡೋಸ್ಕೋಪಿಗೆ ಚೀಟಿ ಬರೆದು, ಮರುದಿನವೇ ಹುಬ್ಬಳ್ಳಿಗೆ ಹೋಗಿ ಎಂದೆ. "ಚರ್ಮಕ್ಕ ಬಂದ್ರ ಹೊಟ್ಟ್ಯಾಗ ಪೈಪ್ ಯಾಕ್ರಿ?" ಎಂದು ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ, ಅಲ್ವಾ? ಕೂರಿಸಿ ಹತ್ತು ನಿಮಿಷ ವಿವರಿಸಿದೆ. ಜಠರದಲ್ಲಿ ಹುಣ್ಣಾದ ಗಡ್ಡೆ ಸಿಕ್ಕಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು.

ಬೆನ್ನಿನ ಮೇಲೆ ಕೆಲವೇ ವಾರಗಳಲ್ಲಿ ತುರಿಸುವ ಕಂದು ಗಂಟುಗಳು ರಾಶಿಯಾಗಿ ಎದ್ದರೂ ನಾನು ಹೀಗೇ ಹೊಟ್ಟೆಯ ಬಗ್ಗೆ ಕೇಳುತ್ತೇನೆ. ವಯಸ್ಸಾದವರಿಗೆ ವರ್ಷಗಟ್ಟಲೆ ಒಂದೊಂದಾಗಿ ಬರುವಂಥವು ಬೇರೆ.

ಆಪರೇಷನ್ ಆಗಿ ಕೆಲವು ತಿಂಗಳಿಗೆ ಆ ರೈತರ ಕುತ್ತಿಗೆ ತಿಳಿಯಾಯಿತು, ಅಂಗೈ ಮೆತ್ತಗಾಯಿತು. ಸ್ನಾನದ ಹೊತ್ತಿಗೆ ಕುತ್ತಿಗೆ ನೋಡುತ್ತಿರಿ ಎಂದು ಹೆಂಡತಿಗೆ ಹೇಳಿದ್ದೇನೆ. ಕಪ್ಪು ತಿರುಗಿ ಬಂದರೆ, ತಪಾಸಣೆಯ ತಾರೀಖಿಗೆ ಕಾಯದೆ ಅವತ್ತೇ ಬಸ್ ಹತ್ತಬೇಕು.