ಊರೆಲ್ಲ ಬಂದ್ ಆದಾಗ ಲಿವರ್ ಕ್ಯಾನ್ಸರ್ ಚಿಕಿತ್ಸೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ, ಬೆಂಗಳೂರಿನ ಆಸ್ಪತ್ರೆಯಿಂದ ನಮ್ಮ ಚಿಕ್ಕಪ್ಪನಿಗೆ ಫೋನ್ ಬಂತು. ‘ಸದ್ಯಕ್ಕೆ ಬರಬೇಡಿ, ನಾವೇ ಕರೀತೀವಿ.’ ಅಷ್ಟೇ ಮಾತು. ಮಾರ್ಚ್ ಮೊದಲ ವಾರ ಅವರಿಗೆ ಟೇಸ್ ಆಗಿತ್ತು. ರಕ್ತನಾಳದೊಳಗೆ ಸಣ್ಣ ನಳಿಕೆ ಹಾಯಿಸಿ, ಲಿವರ್‌ನ ಗಡ್ಡೆಗೆ ನೇರವಾಗಿ ಔಷಧಿ ಬಿಟ್ಟು, ಅದಕ್ಕೆ ರಕ್ತ ಹೋಗುವ ದಾರಿ ಮುಚ್ಚುವ ಚಿಕಿತ್ಸೆ ಅದು. ಗಡ್ಡೆ ಸತ್ತಿದೆಯೋ ಇಲ್ಲವೋ ಎಂದು ನಾಲ್ಕರಿಂದ ಆರು ವಾರದಲ್ಲಿ ಸಿಟಿ ಮಾಡಿಸಿ ನೋಡಬೇಕು. ನಾವು ಶ್ರೀನಿವಾಸಪುರದಲ್ಲಿ ಕೂತು ಫೋನಿಗೆ ಕಾದೆವು. ಮಾವಿನ ಸುಗ್ಗಿ ಬಂತು, ಮುಗಿಯಿತು. ಆಗಸ್ಟ್‌ನಲ್ಲಿ ನಾವೇ ಹೋದಾಗ ಹಳೇ ಗಡ್ಡೆಯ ಪಕ್ಕ ಇನ್ನೊಂದು ಎದ್ದಿತ್ತು.

ಆಮೇಲೆ ಕೋಲಾರ, ಮುಳಬಾಗಿಲು ಕಡೆಯ ಎಷ್ಟೋ ಮನೆಯವರ ಫೈಲು ಹಿಡಿದು ಓಡಾಡಿದ್ದೇನೆ. ಎಲ್ಲರೂ ಎಡವುವುದು ನಾವು ಎಡವಿದ ಜಾಗದಲ್ಲೇ. ಅಂಥ ಕಾಲ ಮತ್ತೆ ಬರಬಾರದು. ಬಂದರೆ ಏನು ಮಾಡಬೇಕು ಎಂದು ಈಗಲೇ ತಿಳಿದಿರಲಿ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಡಾಕ್ಟರಿಗೆ ಮನಸ್ಸಿಲ್ಲದೆ ತಡ ಆಗುವುದಲ್ಲ. ಆಗ ಐಸಿಯು ಹಾಸಿಗೆ, ಅರಿವಳಿಕೆ ಕೊಡುವವರು, ನರ್ಸ್‌ಗಳು ಎಲ್ಲ ಕೋವಿಡ್ ಕಡೆಗೆ ಹೋಗಿದ್ದರು. 2020ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೇ ಮೀಸಲಿಟ್ಟಿದ್ದರು. ಆ ವರ್ಷ ಮಾರ್ಚ್‌ನಿಂದ ಮೇವರೆಗೆ ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ 54ರಷ್ಟು ಇಳಿಯಿತು. ದೊಡ್ಡ ಆಪರೇಷನ್‌ಗಳು ಹೆಚ್ಚುಕಡಿಮೆ ಅರ್ಧಕ್ಕೆ ಬಂದವು. ಕ್ಯಾನ್ಸರ್ ಏನೂ ಅರ್ಧ ಆಗಲಿಲ್ಲ. ಜನ ಮನೆಯಲ್ಲೇ ಉಳಿದರು.

ಮೊದಲು ಫೈಲು

ಡಿಸ್ಚಾರ್ಜ್ ಸಮ್ಮರಿ, ರಕ್ತದ ರಿಪೋರ್ಟ್, ಮಾತ್ರೆ ಚೀಟಿ, ಸ್ಕ್ಯಾನಿಂಗ್ ಸಿ.ಡಿ., ರೇಷನ್ ಕಾರ್ಡ್, ಸರ್ಕಾರಿ ಚಿಕಿತ್ಸಾ ಯೋಜನೆಯ ಆರೋಗ್ಯ ಕರ್ನಾಟಕ ಕಾರ್ಡ್, ಎಲ್ಲ ಒಂದೇ ಚೀಲದಲ್ಲಿರಲಿ. ಒಂದೊಂದರ ಫೋಟೊ ಮನೆಯ ಇಬ್ಬರ ಫೋನಿನಲ್ಲಿರಲಿ.

‘ಮುಂದಕ್ಕೆ ಹಾಕಿದ್ದೇವೆ’ ಎಂದ ದಿನ

ಕಷ್ಟದ ಹಂತ ಇದೇ. ಆಸ್ಪತ್ರೆಯಿಂದ ಫೋನ್ ಬಂದಾಗ ನಾವು ‘ಆಯ್ತು ಮೇಡಂ’ ಎಂದು ಇಟ್ಟುಬಿಡುತ್ತೇವೆ. ಇಡಬೇಡಿ. ಪೆನ್ನು ಹಿಡಿದು ಮಾತಾಡಿ.

ಎಲ್ಲಕ್ಕಿಂತ ಮೊದಲು ನಿಮ್ಮವರು ಯಾವ ಸಾಲಿನಲ್ಲಿದ್ದಾರೆ ಎಂದು ಹೇಳಿ. ‘ನಮ್ಮ ತಂದೆಗೆ ಹುಷಾರಿಲ್ಲ’ ಎಂದರೆ ಆ ಕಡೆ ಇರುವವರಿಗೆ ಏನೂ ಗೊತ್ತಾಗುವುದಿಲ್ಲ. ‘ಲಿವರ್ ಕ್ಯಾನ್ಸರ್, 3 ಸೆಂಟಿಮೀಟರ್ ಗಡ್ಡೆ ಒಂದು, ಟೇಸ್ ಆಗಿ ಐದು ವಾರ, ಸಿಟಿ ಬಾಕಿ’ ಎಂದು ಹೇಳಿದರೆ ಫೋನು ಡಾಕ್ಟರ್ ಕೈಗೆ ಹೋಗುತ್ತದೆ. ಈ ಒಂದು ಸಾಲನ್ನು ಫೈಲಿನ ಮೇಲೇ ಬರೆದು ಅಂಟಿಸಿ.

ಆಮೇಲೆ ಮೂರು ಪ್ರಶ್ನೆ ಕೇಳಿ. ಎಷ್ಟು ವಾರ ಮುಂದಕ್ಕೆ? ಆ ದಿನದೊಳಗೆ ನಿಮ್ಮಿಂದ ಫೋನ್ ಬರದಿದ್ದರೆ ನಾವು ಯಾವ ನಂಬರಿಗೆ ಮಾಡಬೇಕು? ಅಷ್ಟರಲ್ಲಿ ಕೋಲಾರದಲ್ಲೇ ಏನು ಮಾಡಿಸಬಹುದು? ಉತ್ತರ ಸಿಗದಿದ್ದರೆ ಎರಡು ದಿನ ಬಿಟ್ಟು ಮತ್ತೆ ಮಾಡಿ. ಬೇಜಾರು ಮಾಡಿಕೊಳ್ತಾರೆ ಎಂದು ಸುಮ್ನೆ ಕೂರಬೇಡಿ. ರೆಫರಲ್ ಚೀಟಿ ಹಳೆಯದಾಗಿದ್ದರೆ ನಡೆಯುತ್ತಾ ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ. ಅದಕ್ಕೋಸ್ಕರ ಎಪ್ಪತ್ತು ಕಿಲೋಮೀಟರ್ ಹೋಗಿ ವಾಪಸ್ ಬಂದವರನ್ನು ನೋಡಿದ್ದೇನೆ.

ಎಲ್ಲ ತಡವೂ ಒಂದೇ ಅಲ್ಲ. ಸಿರೋಸಿಸ್ ಇದ್ದು, ಅಂದರೆ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗಿದ್ದು, ಗಡ್ಡೆ ಇನ್ನೂ ಬಂದಿಲ್ಲದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಇರುತ್ತದೆ. ಡಾಕ್ಟರ್ ಒಪ್ಪಿದರೆ ಅದು ಸ್ವಲ್ಪ ಹಿಂದೆಮುಂದೆ ಆದರೂ ನಡೆದೀತು. ಗಡ್ಡೆ ಇದೆ ಎಂದು ಗೊತ್ತಾದವರದ್ದು ಬೇರೆ ಲೆಕ್ಕ. ಈ ಗಡ್ಡೆಯ ಗಾತ್ರ (ಅಡ್ಡಳತೆ ಅಲ್ಲ) ಸುಮಾರು 4ರಿಂದ 6 ತಿಂಗಳಲ್ಲಿ ಎರಡರಷ್ಟಾಗುತ್ತದೆ. ಕೆಲವರಲ್ಲಿ ಇನ್ನೂ ಬೇಗ. ಲಿವರ್ ಕಸಿಗೆ ಡಾಕ್ಟರುಗಳು ನೋಡುವ ಮಿಲಾನ್ ಅಳತೆ ಎಂದಿದೆ. ಗಡ್ಡೆ ಒಂದೇ ಇದ್ದರೆ 5 ಸೆಂಟಿಮೀಟರ್ ದಾಟಿರಬಾರದು. ಎರಡು ಮೂರು ಇದ್ದರೆ ಯಾವುದೂ 3 ಸೆಂಟಿಮೀಟರ್ ದಾಟಿರಬಾರದು. ನಾಲ್ಕೂವರೆ ಸೆಂಟಿಮೀಟರ್ ಇದ್ದವರು ಸುಮ್ಮನೆ ಮೂರು ತಿಂಗಳು ಕಾದರೆ ಆ ಬಾಗಿಲು ಮುಚ್ಚಿಹೋಗಬಹುದು. ಅದಕ್ಕೇ ತಾರೀಖು ಕೇಳಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಪರೇಷನ್ ಸದ್ಯಕ್ಕಿಲ್ಲ ಎಂದರೆ ‘ಅಲ್ಲಿಯವರೆಗೆ ಗಡ್ಡೆ ಸುಡುವುದೋ, ಟೇಸೋ, ಮಾತ್ರೆಯೋ ಏನಾದರೂ ಆಗುತ್ತಾ’ ಎಂದು ಕೇಳಿ. ಚಿಕ್ಕ ಗಡ್ಡೆಯನ್ನು ಸೂಜಿ ಚುಚ್ಚಿ ಸುಡುವುದಕ್ಕೆ ಐಸಿಯು ಹಾಸಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿರ್ಧಾರ ಅವರದ್ದೇ. ಕೇಳುವ ಕೆಲಸ ನಮ್ಮದು.

ಊರಲ್ಲೇ ಸ್ಕ್ಯಾನ್ ಮಾಡಿಸುವುದಾದರೆ

ಇಲ್ಲಿ ದುಡ್ಡು ಜಾಸ್ತಿ ಹಾಳಾಗುತ್ತದೆ. 2021ರ ಮೇನಲ್ಲಿ ಯಾರ ಕೈಯಲ್ಲಿ ನೋಡಿದರೂ ಎದೆಯ ಎಚ್‌ಆರ್‌ಸಿಟಿ ಇತ್ತು. ಒಬ್ಬರು ಅದನ್ನೇ ಲಿವರ್ ಡಾಕ್ಟರಿಗೂ ಕಳಿಸಿ, ‘ಸಿಟಿ ಆಗಿದೆ’ ಎಂದು ನೆಮ್ಮದಿಯಾಗಿದ್ದರು. ಅದು ಕೋವಿಡ್ ಎದೆಗೆ ಇಳಿದಿದೆಯಾ ಎಂದು ನೋಡುವುದಕ್ಕೆ. ಲಿವರ್ ಗಡ್ಡೆಗೆ ಅದರಿಂದ ಪ್ರಯೋಜನ ಇಲ್ಲ.

ನಿಮಗೆ ಬೇಕಾದದ್ದು ಹೊಟ್ಟೆಯ ಟ್ರೈಫೇಸಿಕ್ ಸಿಟಿ. ಕೈಯ ನರಕ್ಕೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ, ಅದು ಹರಿಯುವಾಗ ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆಯುತ್ತಾರೆ. ಒಳ್ಳೆಯ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ಪೋರ್ಟಲ್ ಸಿರೆಯಿಂದ. ಗಡ್ಡೆ ಮಾತ್ರ ಅಪಧಮನಿಯಿಂದ ರಕ್ತ ಎಳೆಯುತ್ತದೆ. ಹಾಗಾಗಿ ಮೊದಲ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ. ಆಮೇಲಿನ ಚಿತ್ರದಲ್ಲಿ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಡಾಕ್ಟರ್ ಹುಡುಕುವುದು ಈ ವ್ಯತ್ಯಾಸವನ್ನೇ. ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿಯಲ್ಲಿ ಇದು ಕಾಣುವುದೇ ಇಲ್ಲ. ‘ಸಾದಾ ಮಾಡಿಸಿ, ಕಮ್ಮಿ ಆಗುತ್ತೆ’ ಎಂದು ಕೌಂಟರ್‌ನಲ್ಲಿ ಹೇಳಿದರೆ ಒಪ್ಪಬೇಡಿ. ಚೀಟಿಯಲ್ಲಿ ‘ಟ್ರೈಫೇಸಿಕ್’ ಎಂಬ ಪದ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಮೊದಲೇ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಕಿಡ್ನಿ ಸರಿ ಇಲ್ಲದವರಿಗೆ ಕಾಂಟ್ರಾಸ್ಟ್ ತೊಂದರೆ ಕೊಡಬಹುದು.

ಸ್ಕ್ಯಾನ್ ಆದಮೇಲೆ ಸಿ.ಡಿ. ಕೇಳಿ ಪಡೆಯಿರಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಯಾವ ಡಾಕ್ಟರೂ ನಿರ್ಧಾರ ಮಾಡಲಾರರು.

ಮಾತ್ರೆ

ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ. ಹೆಪಟೈಟಿಸ್ ಬಿ ಇರುವವರು ಟೆನೋಫೋವಿರ್ ಅಥವಾ ಎಂಟೆಕಾವಿರ್ ಬಿಟ್ಟರೆ ಅಡಗಿದ್ದ ವೈರಸ್ ಮತ್ತೆ ಏಳಬಹುದು, ಲಿವರ್ ಕೈಕೊಡಬಹುದು. ಲಿವರ್ ಕ್ಯಾನ್ಸರ್‌ಗೆ ಕೊಡುವ ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆ ಬಿ.ಪಿ. ಏರಿಸಬಹುದು, ಅವನ್ನು ತೆಗೆದುಕೊಳ್ಳುವವರ ಮನೆಯಲ್ಲಿ ಬಿ.ಪಿ. ಮಿಷನ್ ಇರಲೇಬೇಕು. ಒಂದು ತಿಂಗಳ ಮಾತ್ರೆ ಮುಂಚೆಯೇ ತಂದಿಡಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮದಂತೆ ಡಾಕ್ಟರ್ ಫೋನಿನಲ್ಲಿ, ವಿಡಿಯೊದಲ್ಲಿ ನೋಡಿ ಚೀಟಿ ಕಳಿಸಬಹುದು.

ಜ್ವರ ಬಂದರೆ

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಡೋಲೋ 650 ಇತ್ತು. ಸಿರೋಸಿಸ್ ಇರುವವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ದಾಟಬಾರದು. ಮೂರು ಮಾತ್ರೆಗೇ 1,950 ಮಿಲಿಗ್ರಾಂ ಆಯಿತು. ನಾಲ್ಕನೆಯದು ಬೇಡ. ಐಬುಪ್ರೊಫೆನ್, ಡೈಕ್ಲೋಫಿನಾಕ್ ಅಂತೂ ಮುಟ್ಟಲೇಬೇಡಿ. ಲಿವರ್ ಕೆಟ್ಟವರಲ್ಲಿ ಅವು ಕಿಡ್ನಿಯನ್ನೂ ಕೆಡಿಸುತ್ತವೆ, ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ತರುತ್ತವೆ.

ಇನ್ನು ಕಷಾಯ. ಶಕ್ತಿ ಬರುತ್ತದೆ ಎಂದು ಅಮೃತಬಳ್ಳಿ ಕುದಿಸಿ ಕುಡಿದವರು ನಮ್ಮ ಬೀದಿಯಲ್ಲೇ ಎಷ್ಟೋ ಜನ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯ ಡಾಕ್ಟರುಗಳು ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ ಆರು ಜನರನ್ನು ಕಂಡು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಮೊದಲೇ ಲಿವರ್ ಸೋತವರಿಗೆ ಅದು ಬೇಡ. ಡಬ್ಬಿಯಲ್ಲಿ ಬರುವ ‘ಇಮ್ಯೂನಿಟಿ’ ಪುಡಿಯೂ ಬೇಡ. ಆ ದುಡ್ಡಿಗೆ ಮೊಟ್ಟೆ, ಬೇಳೆ, ಹಾಲು ತನ್ನಿ.

ಆಗ ಚಿಕಿತ್ಸೆಗೆ ಮೊದಲು ಕೋವಿಡ್ ಪರೀಕ್ಷೆ ಮಾಡುತ್ತಿದ್ದರು. ಮತ್ತೆ ಹಾಗೆ ಪರೀಕ್ಷೆ ಮಾಡಿ ಪಾಸಿಟಿವ್ ಬಂದರೆ ಮುಚ್ಚಿಡಬೇಡಿ. ಹೊಸ ತಾರೀಖು ಕೇಳಿ ಬರೆದುಕೊಳ್ಳಿ. ಆಗ ಜೊತೆಗೆ ಒಬ್ಬರನ್ನೇ ಬಿಡುತ್ತಿದ್ದರು, ಹಾಗಾದರೆ ಫೈಲು ಓದಲು ಬಲ್ಲವರೇ ಹೋಗಲಿ.

ಕಾಯಬಾರದ ದಿನ

ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಹೊಟ್ಟೆ ಉಬ್ಬಿ ಜೊತೆಗೆ ಜ್ವರ, ಕಣ್ಣು ಹಳದಿ, ತಲೆ ಮಂಕಾಗಿ ಮಾತು ತಡವರಿಸುವುದು. ಇದರಲ್ಲಿ ಒಂದು ಕಂಡರೂ ಬೆಂಗಳೂರಿನ ಫೋನಿಗೆ ಕಾಯಬೇಡಿ. 108ಕ್ಕೆ ಮಾಡಿ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯೋ ಟಮಕದ ಜಾಲಪ್ಪ ಆಸ್ಪತ್ರೆಯೋ, ಹತ್ತಿರದ್ದಕ್ಕೆ ಹೋಗಿ. ಕೋವಿಡ್ ಹತ್ತುತ್ತದೆ ಎಂಬ ಭಯಕ್ಕೆ ಮನೆಯಲ್ಲಿ ಕೂತವರೇ ಜಾಸ್ತಿ ಕಷ್ಟಪಟ್ಟಿದ್ದು.

ತಲೆ ಮಂಕಾಗುವುದು ಮಾತ್ರ ಬೇಗ ಗೊತ್ತಾಗುವುದಿಲ್ಲ. ಲಿವರ್ ಸೋಸಬೇಕಾದ ವಿಷ ಮಿದುಳಿಗೆ ಏರಿದಾಗ ಮೊದಲು ಹಗಲು ನಿದ್ದೆ, ರಾತ್ರಿ ಎಚ್ಚರ ಆಗುತ್ತದೆ. ವಯಸ್ಸಾಯ್ತಲ್ವಾ ಎಂದು ಬಿಟ್ಟುಬಿಡುತ್ತೇವೆ. ಇದಕ್ಕೆ ನಾನು ಎಲ್ಲರಿಗೂ ಹೇಳುವುದು ನೋಟ್‌ಬುಕ್. ದಿನಾ ಬೆಳಗ್ಗೆ ಕಾಫಿ ಆದಮೇಲೆ ತಾರೀಖು ಹಾಕಿ, ರೋಗಿಯಿಂದಲೇ ಹೆಸರು ಬರೆಸಿ. ಪಕ್ಕದಲ್ಲಿ ತೂಕ, ಎಷ್ಟು ಸಲ ಮಲವಿಸರ್ಜನೆ ಆಯಿತು ಎಂದು ಬರೆಯಿರಿ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು.

2021ರ ಮೇನಲ್ಲಿ ಮುಳಬಾಗಿಲಿನ ಒಬ್ಬ ಅತ್ತೆಯ ನೋಟ್‌ಬುಕ್ಕನ್ನು ಅವರ ಸೊಸೆ ನನಗೆ ವಾಟ್ಸಾಪ್‌ನಲ್ಲಿ ಕಳಿಸಿದಳು. ಹತ್ತು ದಿನ ದುಂಡಗೆ ಬರೆದಿದ್ದ ಹೆಸರು ಹನ್ನೊಂದನೇ ದಿನ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಕೊನೆಯ ಅಕ್ಷರ ಎರಡು ಸಲ ಬಂದಿತ್ತು. ಮಲವಿಸರ್ಜನೆಯ ಜಾಗದಲ್ಲಿ ಎರಡು ದಿನದಿಂದ ಸೊನ್ನೆ. ‘ಅತ್ತೆ ಚೆನ್ನಾಗೇ ಮಾತಾಡ್ತಿದ್ದಾರೆ ಅಕ್ಕಾ, ಹೋಗಬೇಕಾ?’ ಎಂದು ಕೇಳಿದಳು. ಹೊರಡು ಎಂದೆ. ಸಂಜೆಯೊಳಗೆ ಕೋಲಾರದಲ್ಲಿ ಅಡ್ಮಿಟ್ ಆದರು. ಐದನೇ ದಿನ ಮನೆಗೆ ಬಂದು ಅದೇ ಪುಟದ ಕೆಳಗೆ ಮತ್ತೆ ದುಂಡಗೆ ಹೆಸರು ಬರೆದರು.